ಮೂಗುದಾರದ ಕುದುರೆ

ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಟು ಬಾಗಿಲು ತೆರೆದರೆ ಮೆಟ್ಟಿಲ ತುಂಬ ಟರ್ಪೆಂಟೈನ್ ವಾಸನೆ. ನಮ್ಮ ಬಿಲ್ಡಿಂಗಿನ ಮಾಲೀಕನಿಗೆ ಎಷ್ಟೋ ವರ್ಷಗಳ ನಂತರ ಜ್ಞಾನೋದಯವಾಗಿ, ಎಲ್ಲ ಮನೆಗಳ ಬಾಗಿಲಿಗೂ ಹೊಸ ಬಣ್ಣ ಹೊಡೆಸುತ್ತಿದ್ದಾನೆ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ಲಿಫ್ಟಿಗೆ ಓಡಿದರು. ನಾನು ಮಾತ್ರ ಪೆದ್ದಿಯ ಹಾಗೆ ನಿಂತು ಆ ವಾಸನೆಯನ್ನು ಇನ್ನಷ್ಟು ಒಳಗೆಳೆದುಕೊಂಡೆ. ಹಲ್ಲಿನ ಡಾಕ್ಟರಿಗೆ ಲವಂಗದೆಣ್ಣೆ ಬಿಟ್ಟು ಬೇರೆ ಯಾವ ವಾಸನೆಯೂ ತಿಳಿಯುವುದಿಲ್ಲ ಎಂದು ನನ್ನ ಗಂಡ ಆಡಿಕೊಳ್ಳುವುದುಂಟು. ಅವರಿಗೇನು ಗೊತ್ತು. ನನಗೆ ಟರ್ಪೆಂಟೈನ್ ಎಂದರೆ ಬೋರ್ಡ್ ಕಾಕ...

ಕುವೈತಿನ ಸಾಲ್ಮಿಯಾದ ಈ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ, ಎರಡನೆಯ ನಂಬರಿನ ಮನೆಯಲ್ಲಿ, ಅವರು ತಮ್ಮ ಊರಿನ ಇನ್ನಿಬ್ಬರ ಜೊತೆ ಇದ್ದರು. ಮಂಗಳೂರು ಕಡೆಯ ಬ್ಯಾರಿ ಮುಸ್ಲಿಂ. ರೂಮಿನವರು ಕಾಕ ಎಂದು ಕರೆಯುತ್ತಿದ್ದರು, ನಾವೂ ಕಾಕ ಎಂದೆವು. ಅಂಗಡಿಗಳಿಗೆ ಬೋರ್ಡ್ ಬರೆಯುವ ಕೆಲಸವಾದ್ದರಿಂದ ಬೋರ್ಡ್ ಕಾಕ. ಮೈಸೂರಿನಿಂದ ಬಂದ ನನಗೆ ಅವರ ಕನ್ನಡ ಮೊದಮೊದಲು ಪುಸ್ತಕದಿಂದ ಎದ್ದು ಬಂದ ಹಾಗೆ ಕೇಳಿಸಿ ನಗು ಬರುತ್ತಿತ್ತು. ಅವರಿಗೆ ನನ್ನ ಕನ್ನಡ ಜಗಳದ ಹಾಗೆ ಕೇಳಿಸುತ್ತಿತ್ತಂತೆ. ಇಬ್ಬರೂ ಅದನ್ನು ಮುಖಕ್ಕೇ ಹೇಳಿಕೊಂಡಿದ್ದೆವು.

ಅವರ ಕೈ ಮಾತ್ರ ದೇವರು ಕೊಟ್ಟ ಕೈ. ಅರಬ್ಬಿ ಅಕ್ಷರಗಳನ್ನು ಬಲದಿಂದ ಎಡಕ್ಕೆ, ಇಂಗ್ಲಿಷನ್ನು ಎಡದಿಂದ ಬಲಕ್ಕೆ ಬರೆಯುತ್ತಾ ಬಂದು, ಎರಡನ್ನೂ ಬೋರ್ಡಿನ ನಡುವೆ ಅಳೆದಿಟ್ಟಂತೆ ಸೇರಿಸುತ್ತಿದ್ದರು. ಸ್ಕೇಲು ಹಿಡಿದದ್ದನ್ನು ನಾನು ನೋಡಿಯೇ ಇಲ್ಲ. ನಮ್ಮ ಬಿಲ್ಡಿಂಗಿನ ಎಲ್ಲ ಬಾಗಿಲುಗಳ ಮೇಲಿನ ನಂಬರುಗಳೂ ಅವರು ಬರೆದವೇ. ನನ್ನ ಮಗಳು ಆಗ ಚಿಕ್ಕವಳು. ಅವರು ಕಂಡಾಗಲೆಲ್ಲ, "ಅಂಕಲ್, ಡ್ರಾ ಮಿ ಎ ಹಾರ್ಸ್" ಎಂದು ಕೈ ಚಾಚುತ್ತಿದ್ದಳು. ಜೇಬಿನಿಂದ ಪೆನ್ನು ತೆಗೆದು ಅವಳ ಅಂಗೈಯ ಮೇಲೆ ಎಂಟು ಗೆರೆಗಳಲ್ಲಿ ಓಡುವ ಕುದುರೆ ಬರೆದುಕೊಡುತ್ತಿದ್ದರು. ಆ ದಿನ ಅವಳಿಗೆ ಕೈ ತೊಳೆಸುವುದೆಂದರೆ ನನಗೆ ಒಂದು ಯುದ್ಧ.

ಕುದುರೆಯ ಹಿಂದೆ ಒಂದು ಕಥೆಯಿತ್ತು. ಕಾಕ ಅದನ್ನು ನಮ್ಮ ಮನೆಯಲ್ಲಿ ಶುಕ್ರವಾರದ ಸಂಜೆಯ ಚಹಾದ ಜೊತೆ ಎಷ್ಟು ಸಲ ಹೇಳಿದ್ದರೋ. ಕುವೈತಿಗೆ ಬರುವ ಮೊದಲು, ಇಪ್ಪತ್ತರ ವಯಸ್ಸಿನಲ್ಲಿ, ಮಂಗಳೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅವರು ಚಿತ್ರ ಬರೆಯುತ್ತಿದ್ದರಂತೆ. ಆ ಪ್ರೆಸ್ಸಿನವರು ತಿಂಗಳಿಗೊಂದು ಕೌಬಾಯ್ ಕಥೆಗಳ ಪುಸ್ತಕ ತರುತ್ತಿದ್ದರು. ಅಮೆರಿಕದ ಮರುಭೂಮಿ, ಗುಂಡು, ಟೋಪಿ, ಕುದುರೆ, ಎಲ್ಲ ಕನ್ನಡದಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ಬಸ್ಸಿನಲ್ಲಿ ಓದಿ, ಇಳಿಯುವಾಗ ಸೀಟಿನಲ್ಲೇ ಬಿಟ್ಟುಹೋಗುವಂಥ ಪುಸ್ತಕ. ಅದರ ಮುಖಪುಟಗಳನ್ನೆಲ್ಲ ದಪ್ಪ ರಟ್ಟಿನ ಮೇಲೆ ಬರೆದುಕೊಟ್ಟವರು ತಾವೇ ಎಂದು ಕಾಕ ಹೇಳುತ್ತಿದ್ದರು.

"ಡಾಕ್ಟ್ರಮ್ಮ, ನಾನು ಅಲ್ಲಿವರೆಗೆ ಕುದುರೆಯನ್ನು ಹತ್ತಿರದಿಂದ ನೋಡ್ಲೇ ಇಲ್ಲ. ಓಡುವ ಪ್ರಾಣಿ ಅಂತ ನೋಡಿದ್ದು ಕಂಬಳದ ಕೋಣ ಮಾತ್ರ. ಅದ್ರದ್ದು ಕೊಂಬು ತೆಗ್ದು ಜುಟ್ಟು ಇಟ್ಟೆ, ಕುದುರೆ ಆಯ್ತು. ಮೂಗುದಾರವೂ ತೆಗೀಬೇಕು ಅಂತ ಯಾರಿಗೆ ಗೊತ್ತು ಮಾರಾಯ್ರೆ!"

ಮರುಭೂಮಿಯ ಕೆಂಪು ಬಂಡೆಗಳಿಗೆ ಅವರು ನೋಡಿಕೊಂಡದ್ದು ಕೆಂಪು ಮುರಕಲ್ಲನ್ನು ಇಟ್ಟಿಗೆಯ ಹಾಗೆ ಕೊಯ್ಯುವ ಊರಿನ ಕ್ವಾರಿಯನ್ನು. ಕುದುರೆಯ ಕಾಲ ಕೆಳಗಿನ ಧೂಳಿಗೆ ಕಂಬಳದ ಗದ್ದೆಯ ಕೆಸರನ್ನು. ಕುದುರೆಯ ಲಗಾಮು ಬಾಯಿಯೊಳಗಿಂದ ಬರಬೇಕೆಂದು ಅವರಿಗೆ ಗೊತ್ತಾದದ್ದು ಕುವೈತಿಗೆ ಬಂದ ಮೇಲೆ, ಸುಲೈಬಿಯಾದ ಕಡೆ ಒಂದು ಕುದುರೆ ಲಾಯಕ್ಕೆ ಬೋರ್ಡು ಬರೆಯಲು ಹೋದಾಗ. ಕುದುರೆಯ ಎದುರು ನಿಂತು ಅದರ ಬಾಯಿಯನ್ನೇ ನೋಡುತ್ತಾ ಅರ್ಧ ಗಂಟೆ ಕಳೆದರಂತೆ. ನಾಲ್ಕು ವರ್ಷ ಅಮೆರಿಕದ ಕುದುರೆಗಳನ್ನೆಲ್ಲ ಮೂಗುದಾರ ಹಾಕಿ ಓಡಿಸಿದ ತನ್ನನ್ನು ನೆನೆದು, ಬ್ರಷ್ಷು ಕೆಳಗಿಟ್ಟು ನಕ್ಕರಂತೆ.

ನಾವೂ ನಗುತ್ತಿದ್ದೆವು. ಆದರೆ ನಂಬುತ್ತಿರಲಿಲ್ಲ. ಗಲ್ಫಿನಲ್ಲಿ ಪ್ರತಿಯೊಬ್ಬರಿಗೂ ಊರಿನಲ್ಲಿ ಬಿಟ್ಟುಬಂದ ಒಂದು ವೈಭವ ಇದ್ದೇ ಇರುತ್ತದೆ. ಒಬ್ಬರು ರಾಜ್ಯ ತಂಡಕ್ಕೆ ಆಡಬೇಕಿತ್ತು, ಇನ್ನೊಬ್ಬರಿಗೆ ಸಿನಿಮಾದಿಂದ ಕರೆ ಬಂದಿತ್ತು. ಕಾಕನ ಕುದುರೆಯನ್ನೂ ನಾನು ಆ ಸಾಲಿಗೇ ಕಟ್ಟಿದ್ದೆ.

ಆಗ ನಮ್ಮ ಆಸುಪಾಸಿನ ಇಪ್ಪತ್ತು ಇಪ್ಪತ್ತೈದು ಕನ್ನಡದ ಮನೆಗಳು ಸೇರಿ ಪ್ರತಿ ನವೆಂಬರಿನಲ್ಲಿ ಒಂದು ಪುಟ್ಟ ಸಂಚಿಕೆ ತರುತ್ತಿದ್ದೆವು. ನಾನೇ ಸಂಪಾದಕಿ. ಯಾರೂ ಸಿಗದಾಗ ತಲೆಗೆ ಬೀಳುವಂಥ ಹುದ್ದೆಯಾದರೂ ನಾನು ಅದನ್ನು ಗತ್ತಿನಿಂದಲೇ ಮಾಡುತ್ತಿದ್ದೆ. ಒಂದು ವರ್ಷ ನಮ್ಮ ಮನೆಯಲ್ಲಿ ಸಭೆ ನಡೆದಿದ್ದಾಗ ಕಾಕ ಬಂದರು. ಬಣ್ಣದ ಕಲೆಯಿಲ್ಲದ ಶರಟು ತೊಟ್ಟಿದ್ದರು, ಅದನ್ನು ಆಗಲೇ ಗಮನಿಸಬೇಕಿತ್ತು ನಾನು. ಈ ಸಲದ ಮುಖಪುಟ ತಾನು ಮಾಡಿಕೊಡಲೇ ಎಂದು ಕೇಳಿದರು. ಕಂಪ್ಯೂಟರಿನಲ್ಲಿ ಆಗಲೇ ಆಗಿದೆ ಎಂದೆ. ಅವರು ಸುಮ್ಮನಾಗಲಿಲ್ಲ. ತಾನು ನಲವತ್ತು ಮುಖಪುಟ ಮಾಡಿದವ, ಒಂದು ಸಲ ನೋಡಿ ಎಂದರು.

"ನಲವತ್ತರಲ್ಲಿ ಒಂದಾದ್ರೂ ತೋರ್ಸಿ ಕಾಕ, ಆಮೇಲೆ ನೋಡೋಣ" ಎಂದುಬಿಟ್ಟೆ.

ಎಲ್ಲರೂ ನಕ್ಕರು. ಪುಸ್ತಕಗಳೆಲ್ಲ ಒಂದು ಟ್ರಂಕಿನಲ್ಲಿದ್ದವು, ಇರಾಕ್ ನುಗ್ಗಿದ ಯುದ್ಧದ ವರ್ಷ ಟ್ರಂಕನ್ನು ರೂಮಿನಲ್ಲೇ ಬಿಟ್ಟು ಓಡಬೇಕಾಯಿತು, ವಾಪಸು ಬಂದಾಗ ರೂಮಿನಲ್ಲಿ ಫ್ಯಾನು ಕೂಡ ಇರಲಿಲ್ಲ ಎಂದು ಕಾಕ ಹೇಳಿದರು. ನನ್ನ ಗಂಡ ಸುಮ್ಮನಿರಬೇಕಲ್ಲ. "ಕುವೈತಲ್ಲಿ ಎಲ್ಲರ ಸಾಕ್ಷಿನೂ ಯುದ್ಧದಲ್ಲೇ ಹೋಗಿರುತ್ತೆ ಬಿಡಿ ಕಾಕ" ಎಂದರು. ಮತ್ತೆ ನಗು. ಕಾಕ ಕೂಡ ನಕ್ಕರು. ಚಹಾ ಕುಡಿದು, ಲೋಟವನ್ನು ತಾವೇ ಅಡುಗೆಮನೆಯ ಸಿಂಕಿನಲ್ಲಿ ಇಟ್ಟು, ಬರುತ್ತೇನೆ ಎಂದು ಹೇಳಿ ಹೋದರು. ಆಮೇಲೆ ಅವರು ನಮ್ಮ ಮನೆಯಲ್ಲಿ ಕುದುರೆಯ ಕಥೆ ಹೇಳಲಿಲ್ಲ. ನನ್ನ ಮಗಳ ಅಂಗೈಯಲ್ಲಿ ಮಾತ್ರ ಕುದುರೆ ಬರುತ್ತಿತ್ತು.

ಮರುವರ್ಷ ಅವರ ಕಫೀಲ್, ಎಂದರೆ ವೀಸಾ ಕೊಟ್ಟ ಕುವೈತಿ ಮಾಲೀಕ, ಅಂಗಡಿ ಮುಚ್ಚಲು ತೀರ್ಮಾನಿಸಿದ. ಎಲ್ಲರೂ ಫ್ಲೆಕ್ಸ್ ಮಾಡಿಸುವಾಗ ಕೈಯಲ್ಲಿ ಬೋರ್ಡು ಬರೆಸುವವರು ಯಾರು? ಇಲ್ಲಿ ಇರಲು ಬೇಕಾದ ಇಕಾಮಾ ಕ್ಯಾನ್ಸಲ್ ಆಗಿ, ಕಾಕ ಊರಿಗೆ ಹೊರಡುವ ದಿನವೂ ಗೊತ್ತಾಯಿತು. ಇನ್ನು ಹದಿನಾರು ದಿನ ಇರುವಾಗ ಮೆಟ್ಟಿಲ ಹತ್ತಿರ ಸಿಕ್ಕರು. ಊರಿಗೆ ಹೋಗುವುದು ಬೇಸರವೇ ಎಂದು ಕೇಳಿದೆ.

"ಹೋಗ್ಲಿಕ್ಕೆ ಬೇಸರ ಎಂತ ಇಲ್ಲ ಡಾಕ್ಟ್ರಮ್ಮ. ಮಗಳು ಇದ್ದಾಳೆ, ಮೊಮ್ಮಕ್ಕಳು ಇದ್ದಾರೆ. ಆದ್ರೆ ಮೂವತ್ತೈದು ವರ್ಷ ಇದ್ದ ಊರಲ್ಲಿ ಬುರುಡೆ ಬಿಡುವವ ಅಂತ ಹೆಸ್ರು ಬಿಟ್ಟು ಹೋಗ್ಬೇಕಲ್ಲ, ಅದೊಂದು..."

ಕೈಯಲ್ಲಿದ್ದ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸುತ್ತಾ ಒಳಗೆ ಹೋದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹಾಗೆಂದು ಆ ಕ್ಷಣವೇ ನಂಬಿದೆ ಎಂದರೆ ಸುಳ್ಳಾಗುತ್ತದೆ. ಪಾಪ ಎನಿಸಿತು, ಅಷ್ಟೇ.

ಅದೇ ವಾರ ನನ್ನ ಪೇಷಂಟ್ ಒಬ್ಬರಿಗೆ ಹೊಸ ದಂತಪಂಕ್ತಿ ಕೂರಿಸಿದೆ. ರುಮೈಥಿಯಾದ ಹಿರಿಯ ಕುವೈತಿ, ಹೆಂಡತಿ ಮಕ್ಕಳ ತುಂಬು ಸಂಸಾರ. ಹುಡುಗರಾಗಿದ್ದಾಗ ತಂದೆಯ ವ್ಯಾಪಾರದ ಮೇಲೆ ಬೊಂಬಾಯಿಯಲ್ಲಿದ್ದವರು, ಹಾಗಾಗಿ ಹಿಂದಿ ನೀರು ಕುಡಿದ ಹಾಗೆ ಆಡುತ್ತಿದ್ದರು. ಅವರಿಗೆ ಒಂದೇ ಒಂದು ಹುಚ್ಚು. ಹಳೆಯ ಕಾಲದ ಅಮೆರಿಕದ ಅಗ್ಗದ ಕೌಬಾಯ್ ಪತ್ರಿಕೆಗಳ ಮುಖಪುಟಗಳಿಗಾಗಿ ಕಲಾವಿದರು ಬರೆದಿದ್ದ ಮೂಲ ಚಿತ್ರಗಳನ್ನು ಕೂಡಿಸುವುದು. ಪತ್ರಿಕೆಯಲ್ಲ, ಪತ್ರಿಕೆಗಾಗಿ ಬರೆದ ಪೇಂಟಿಂಗ್. ಅಚ್ಚಾದ ಮೇಲೆ ಯಾರಿಗೂ ಬೇಡವಾಗಿ ಗೋದಾಮಿನಲ್ಲಿ ಬಿದ್ದಿದ್ದವನ್ನು ಅವರು ಎಲ್ಲೆಲ್ಲಿಂದಲೋ ತರಿಸಿಕೊಂಡಿದ್ದರು. ಬಾಯಿಯಲ್ಲಿ ನನ್ನ ಕೈ ಇರುವಾಗಲೂ ಅದೇ ಮಾತು. ಹೊಸ ಹಲ್ಲಿನಲ್ಲಿ ಸೇಬು ಕಡಿದ ಸಂಭ್ರಮಕ್ಕೆ ನನ್ನನ್ನೂ ನನ್ನ ಗಂಡನನ್ನೂ ಮನೆಗೆ ಕರೆದರು.

ದೊಡ್ಡ ಹಾಲು. ಗೋಡೆಯ ತುಂಬ ಕುದುರೆಗಳು. ಹಿರಿಯರು ಒಂದೊಂದರ ಮುಂದೆ ನಿಂತು ವಿವರಿಸುತ್ತಿದ್ದರು. ಪ್ರತಿ ಚಿತ್ರದಲ್ಲೂ ಮೇಲಿನ ಮೂರನೇ ಒಂದು ಭಾಗ ಬರೀ ಆಕಾಶ. ಅಲ್ಲಿ ಪತ್ರಿಕೆಯ ಹೆಸರು ಬರಬೇಕಲ್ಲ, ಅದಕ್ಕಾಗಿ ಬಿಟ್ಟ ಜಾಗ. ನನಗೆ ಚಿತ್ರಕಲೆಯ ಗಂಧಗಾಳಿ ಇಲ್ಲ. ಯಾರ ಮುಖ ನೋಡಿದರೂ ನನ್ನ ಕಣ್ಣು ಮೊದಲು ಬಾಯಿಗೇ ಹೋಗುತ್ತದೆ, ಕುದುರೆಯಾದರೂ ಅಷ್ಟೇ. ಹಾಗೆ ಕುದುರೆಗಳ ಹಲ್ಲು ನೋಡುತ್ತಾ, ಎಲ್ಲದರ ಬಾಯಿಯಲ್ಲೂ ಲಗಾಮಿನ ಕಬ್ಬಿಣ ನೋಡುತ್ತಾ ನಡೆದವಳು ಮೂಲೆಯ ಚಿತ್ರದ ಮುಂದೆ ನಿಂತುಬಿಟ್ಟೆ.

ಆ ಕುದುರೆಯ ಬಾಯಿ ಮುಚ್ಚಿತ್ತು. ಹಗ್ಗ ಬಂದಿದ್ದದ್ದು ಮೂಗಿನ ಹೊಳ್ಳೆಯಿಂದ.

ಮೂತಿಯನ್ನು ಆಕಾಶಕ್ಕೆ ಎತ್ತಿ ಓಡುತ್ತಿತ್ತು. ಕಾಲ ಕೆಳಗಿನ ಮರಳು ಕೆಸರಿನ ಹಾಗೆ ಮೇಲಕ್ಕೆ ಚಿಮ್ಮಿತ್ತು. ಹಿಂದಿನ ಬಂಡೆಗಳು ಇಟ್ಟಿಗೆ ಕೊಯ್ದ ಹಾಗೆ ನೆಟ್ಟಗೆ, ಕೆಂಪಗೆ. ನಾನು ಹುಟ್ಟಿದ ಮೇಲೆ ಕಂಬಳ ನೋಡಿದವಳಲ್ಲ. ಆದರೂ ಗುರುತು ಸಿಕ್ಕಿತು. ಪರರ ಮನೆ ಎಂಬುದನ್ನೂ ಮರೆತು ಜೋರಾಗಿ ನಕ್ಕೆ, ಆಮೇಲೆ ಕಣ್ಣಲ್ಲಿ ನೀರು ಬಂತು. ನನ್ನ ಗಂಡ ನನ್ನ ಭುಜದ ಮೇಲಿಂದ ಇಣುಕಿ ನೋಡಿ, "ಅಯ್ಯೋ, ಕಾಕನ ಕೋಣ!" ಎಂದರು.

ಅದು ಬೊಂಬಾಯಿಯ ಹಳೆಸಾಮಾನಿನ ಅಂಗಡಿಯಲ್ಲಿ, ಸಿನಿಮಾ ಪೋಸ್ಟರುಗಳ ಕಟ್ಟಿನ ನಡುವೆ ಸಿಕ್ಕಿದ್ದು ಎಂದು ಹಿರಿಯರು ಹೇಳಿದರು. ಅಂಗಡಿಯವನು ಅಮೆರಿಕದ್ದು ಎಂದಿದ್ದನಂತೆ, ಬರೆದವರು ಯಾರೋ ತಿಳಿಯದಂತೆ. ಮೂಗಿನ ಹಗ್ಗದ ಬಗ್ಗೆ ಇವರಿಗೂ ಬಹಳ ಯೋಚನೆಯಾಗಿತ್ತು. ಕೊನೆಗೆ ಅದು ಅಲ್ಲಿನ ಮೂಲನಿವಾಸಿಗಳ ಯಾವುದೋ ಹಳೆಯ ಪದ್ಧತಿ ಇರಬೇಕೆಂದು ತಾವೇ ತೀರ್ಮಾನಿಸಿ, ಬಂದ ಅತಿಥಿಗಳಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದಿದ್ದರು. ನಾನು ಬೋರ್ಡ್ ಕಾಕನ ಕಥೆ ಹೇಳಿದೆ. ಹಿರಿಯರ ಮುಖ ಗಂಭೀರವಾಯಿತು. ತಪ್ಪು ಬರೆದ ಕುದುರೆಯನ್ನು ತನ್ನದೆಂದು ಯಾರು ಬೇಕಾದರೂ ಹೇಳಬಹುದಲ್ಲವೇ ಡಾಕ್ಟರ್ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಆ ಭಾಯಿಯನ್ನು ಕರೆದುಕೊಂಡು ಬನ್ನಿ ಎಂದರು.

ಕಾಕ ಸುಲಭಕ್ಕೆ ಒಪ್ಪಲಿಲ್ಲ. ಸುದ್ದಿ ಕೇಳಿ ಮಂಚದ ಮೇಲೆ ಕುಳಿತುಬಿಟ್ಟರು. ಆಕಾಶ ಯಾವ ಬಣ್ಣ ಎಂದು ಕೇಳಿದರು. ಕೆಳಗೆ ಕಿತ್ತಳೆ, ಮೇಲಕ್ಕೆ ಹೋಗುತ್ತಾ ಹಸಿರು ಎಂದೆ. ಹಸಿರು ಎಂದ ಕೂಡಲೇ ಕಣ್ಣು ಮುಚ್ಚಿಕೊಂಡರು.

"ಅದು ನಂದೇ. ನೀಲಿ ಖಾಲಿ ಆಗಿತ್ತು ಆ ದಿನ. ಆದ್ರೆ ಅವ್ರು ನಂಬಬೇಕಲ್ಲ? ಇಲ್ಲಿ ಬುರುಡೆ ಅಂತಾರೆ, ಅಲ್ಲಿ ಹೋಗಿ ಕಳ್ಳ ಅಂತ ಆಗುದು ಬೇಡ."

ಒಂದು ಸಾಕ್ಷಿ ಇದೆ, ಇದ್ದರೂ ಇರಬಹುದು ಎಂದರು. ಆ ಪ್ರೆಸ್ಸಿನ ಯಜಮಾನರು ಚಿತ್ರದ ಮೇಲೆ ಇವರ ಸಹಿ ಹಾಕಲು ಬಿಡುತ್ತಿರಲಿಲ್ಲ. ಊರಿನವನ ಹೆಸರು ಕಂಡರೆ ಕಥೆ ಅಮೆರಿಕದ್ದೆಂದು ಯಾರು ನಂಬುತ್ತಾರೆ ಎಂಬುದು ಅವರ ವಾದ. ಅದಕ್ಕೆ ಕಾಕ ಚಿತ್ರದ ಕೆಳಗೆ ಎರಡು ಬೆರಳಗಲದ ಪಟ್ಟಿಯೊಂದನ್ನು ಖಾಲಿ ಬಿಟ್ಟು, ಅಲ್ಲಿ ಅಚ್ಚಿನ ಬ್ಲಾಕ್ ಮಾಡುವವರಿಗೆ ಸೂಚನೆ ಬರೆದು, ಅದರ ಕೆಳಗೆ ಹೆಸರು ಬರೆಯುತ್ತಿದ್ದರು. ಅಚ್ಚಿನಲ್ಲಿ ಆ ಪಟ್ಟಿ ಬರುತ್ತಿರಲಿಲ್ಲ. ಕೆಲವು ಸಲ ಬ್ಲಾಕಿನವರು ಅದನ್ನು ಕತ್ತರಿಸಿ ಎಸೆಯುವುದೂ ಇತ್ತು. ಈ ಚಿತ್ರದಲ್ಲಿ ಅದು ಉಳಿದಿದೆಯೋ ಹೋಗಿದೆಯೋ ಯಾರಿಗೆ ಗೊತ್ತು?

ಹೊರಡಲು ಎಂಟು ದಿನ ಇರುವಾಗ ರುಮೈಥಿಯಾಕ್ಕೆ ಹೋದೆವು. ಕಾಕ ಬಿಳಿ ಶರಟು ಇಸ್ತ್ರಿ ಮಾಡಿಸಿಕೊಂಡಿದ್ದರು. ಹಾಲಿನೊಳಗೆ ಬಂದವರು ಬೇರೆ ಯಾವ ಚಿತ್ರವನ್ನೂ ನೋಡದೆ ನೆಟ್ಟಗೆ ಮೂಲೆಗೆ ನಡೆದರು. ಅದರ ಮುಂದೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮುಟ್ಟಬಾರದು ಎಂದು ತಮ್ಮ ಕೈಗೇ ಹೇಳಿಕೊಂಡ ಹಾಗಿತ್ತು. ನಲವತ್ತು ವರ್ಷ ನೋಡದ ಮಗುವನ್ನು ಕಂಡವರು ಹೇಗಿರುತ್ತಾರೋ ನನಗೆ ಗೊತ್ತಿಲ್ಲ, ಹಾಗೇ ಇರಬಹುದು.

ಹಿರಿಯರು ಹಿಂದಿಯಲ್ಲಿ ಕೇಳಿದರು, ಇವರು ಹಿಂದಿಯಲ್ಲಿ ಹೇಳಿದರು. ಪಟ್ಟಿಯ ವಿಷಯ ಬಂದಾಗ ಹಿರಿಯರು ಹಿಂದೆಮುಂದೆ ನೋಡಿದರು. ಚೌಕಟ್ಟು ಬೊಂಬಾಯಿಯಲ್ಲೇ ಹಾಕಿಸಿದ್ದು, ಇದುವರೆಗೆ ಬಿಚ್ಚಿಲ್ಲ, ಬಿಚ್ಚುವಾಗ ರಟ್ಟು ಹರಿದರೆ? ಕಾಕ, ನಾನೇ ಬಿಚ್ಚುತ್ತೇನೆ, ನನ್ನ ಕೈಯಲ್ಲಿ ಅದು ಹರಿಯುವುದಿಲ್ಲ ಎಂದರು. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಹಿರಿಯರೂ ಅದಕ್ಕೇ ಒಪ್ಪಿದರೆಂದು ಕಾಣುತ್ತದೆ. "ಯಲ್ಲಾ, ಚಲೋ" ಎಂದು ತಾವೇ ಚಿತ್ರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಲಗಿಸಿದರು.

ಹಿಂಬದಿಯ ಮೊಳೆಗಳನ್ನು ಕಾಕ ಒಂದೊಂದಾಗಿ ಎಬ್ಬಿಸಿದರು. ನಾನು ಎಷ್ಟೋ ಜನರ ಹಲ್ಲು ಕಿತ್ತವಳು, ಅಷ್ಟು ನಯವಾಗಿ ಕಿತ್ತಿಲ್ಲ. ಗಾಜು ಬಂತು. ಚಿತ್ರದ ಅಂಚನ್ನು ಮುಚ್ಚಿದ್ದ ಬಿಳಿ ರಟ್ಟು ಮೇಲಕ್ಕೆ ಬಂತು. ನನಗೆ ನೋಡಲು ಧೈರ್ಯವಾಗದೆ ಕಾಕನ ಮುಖವನ್ನೇ ನೋಡುತ್ತಿದ್ದೆ. ಅವರು ಚಿತ್ರವನ್ನು ನನ್ನ ಕಡೆಗೆ ತಿರುಗಿಸಿದರು.

"ಡಾಕ್ಟ್ರಮ್ಮ, ಒಂದು ತೋರ್ಸಿ ಅಂತ ಹೇಳಿದ್ರಲ್ಲ. ಓದಿ."

ಪಟ್ಟಿ ಇತ್ತು. ಹಳದಿಯಾಗಿದ್ದ ರಟ್ಟಿನ ಮೇಲೆ ಕಪ್ಪು ಬಣ್ಣದಲ್ಲಿ, ನಮ್ಮ ಬಾಗಿಲಿನ ನಂಬರುಗಳದ್ದೇ ಕೈಯಲ್ಲಿ, ಕನ್ನಡ. ಆ ಮನೆಯಲ್ಲಿ ಅದನ್ನು ಓದಬಲ್ಲವರು ಮೂವರೇ. ಒಬ್ಬರು ಬರೆದವರು, ಇನ್ನಿಬ್ಬರು ಅವರನ್ನು ನೋಡಿ ನಕ್ಕವರು. ನಾನು ಗಟ್ಟಿಯಾಗಿ ಓದಿದೆ. "ಬ್ಲಾಕಿನವರಿಗೆ ಸೂಚನೆ. ಮೇಲೆ ಆಕಾಶ ಹೆಸರಿಗೆ ಬಿಟ್ಟಿದೆ. ಎಡಗಡೆ ಕತ್ತರಿಸಬೇಡಿ, ಮೂಗುದಾರ ಕಾಣಬೇಕು."

ಅದರ ಕೆಳಗೆ ಅವರ ಹೆಸರು. ಇಷ್ಟು ವರ್ಷ ಒಂದೇ ಬಿಲ್ಡಿಂಗಿನಲ್ಲಿದ್ದು ಅವರ ಪೂರ್ತಿ ಹೆಸರನ್ನು ನಾನು ಮೊದಲ ಸಲ ಓದಿದ್ದು ಅಂದೇ.

ಕೊನೆಯ ಸಾಲಿನ ಅರ್ಥವನ್ನು ನನ್ನ ಗಂಡ ಹಿಂದಿಯಲ್ಲಿ ಹೇಳಿದಾಗ ಹಿರಿಯರು ನಕ್ಕರು ನೋಡಿ, ನಾನು ಕಷ್ಟಪಟ್ಟು ಕೂರಿಸಿದ ಹಲ್ಲು ಸಡಿಲವಾಗುವ ಹಾಗೆ. ಕಾಣಲೇಬೇಕೆಂದು ಬರೆದಿದ್ದಾರೆ! ಇಪ್ಪತ್ತೈದು ವರ್ಷ ನಾನು ಅತಿಥಿಗಳಿಗೆ ಏನೇನು ಹೇಳಿದೆ ಎಂದರು. ಕಾಕನೂ ನಕ್ಕರು. ಎಲ್ಲರೂ ಮೇಜು ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಹಿರಿಯರು ಎದ್ದು ಬಂದು, ಮಾಶಾ ಅಲ್ಲಾಹ್ ಎನ್ನುತ್ತಾ, ತಮಗಿಂತ ಕಿರಿಯರಾದ ಕಾಕನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ಈ ಊರಿನಲ್ಲಿ ಅದನ್ನು ತಂದೆಗೋ ಗುರುವಿಗೋ ಮಾಡುತ್ತಾರೆ. ಮೂವತ್ತೈದು ವರ್ಷ ಈ ಊರಿನ ಅಂಗಡಿಗಳಿಗೆಲ್ಲ ಹೆಸರು ಬರೆದ ಮನುಷ್ಯ ಅಲ್ಲಿ ನಿಂತು ಮಗುವಿನ ಹಾಗೆ ಅತ್ತರು.

ಬೇಕಿದ್ದರೆ ಹಗ್ಗವನ್ನು ಸರಿಮಾಡಿ, ಬಣ್ಣ ತರಿಸುತ್ತೇನೆ ಎಂದು ಹಿರಿಯರು ಹೇಳಿದರು. ಕಾಕ ಬೇಡವೆಂದರು. ಇಷ್ಟು ದೂರ ಅದು ಆ ಹಗ್ಗ ಹಾಕಿಕೊಂಡೇ ಓಡಿ ಬಂದಿದೆ, ಇರಲಿ ಎಂದರು. ಸಹಿ ಮಾತ್ರ ಹಾಕಿದರು. ಬಲಗಡೆಯ ಕೆಂಪು ಬಂಡೆಯ ಮೇಲೆ, ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿ.

ಆ ಶುಕ್ರವಾರ ಹಿರಿಯರು ನಮ್ಮ ಬಳಗವನ್ನೆಲ್ಲ ಮನೆಗೆ ಕರೆದರು. ಹಿಂದಿನ ವರ್ಷ ನನ್ನ ಮಾತಿಗೆ ನಕ್ಕಿದ್ದವರೆಲ್ಲ ಮಕ್ಕಳುಮರಿ ಸಮೇತ ಬಂದಿದ್ದರು. ಚಿತ್ರ ಈಗ ಮೂಲೆಯಲ್ಲಿರಲಿಲ್ಲ, ಬಾಗಿಲಿಗೆ ನೇರ ಎದುರು ಇತ್ತು. ನಾನು ಎಲ್ಲರೆದುರು ನಿಂತು, ಅವರ ಪೂರ್ತಿ ಹೆಸರು ಹೇಳಿ, ತಪ್ಪಾಯಿತು ಎಂದೆ. ಚೆಂದದ ಭಾಷಣ ಬರೆದುಕೊಂಡು ಹೋಗಿದ್ದೆ, ಒಂದು ಸಾಲೂ ಹೊರಡಲಿಲ್ಲ. ಕಾಕ ಅದನ್ನು ಹೆಚ್ಚು ಎಳೆಯಲು ಬಿಡದೆ, "ಖಲಾಸ್, ಖಲಾಸ್, ಚಹಾ ತಣಿತದೆ" ಎಂದುಬಿಟ್ಟರು. ಮಕ್ಕಳೆಲ್ಲ ಅಂಗೈ ಚಾಚಿ ಸಾಲು ನಿಂತರು. ಅಂದು ಹನ್ನೊಂದು ಕುದುರೆ ಬರೆದರು, ಎಲ್ಲದಕ್ಕೂ ಮೂಗುದಾರ.

ಆ ನವೆಂಬರಿನ ಸಂಚಿಕೆಗೆ ಅದೇ ಚಿತ್ರ ಮುಖಪುಟ. ಕಾಕ ಹೊರಡುವ ಹಿಂದಿನ ದಿನ ನಮ್ಮ ಊಟದ ಮೇಜಿನ ಮುಂದೆ ಕುಳಿತು ಸಂಚಿಕೆಯ ಹೆಸರನ್ನು ಕೈಯಲ್ಲೇ ಬರೆದುಕೊಟ್ಟರು. ನಲವತ್ತು ವರ್ಷದ ಹಿಂದೆ ಹೆಸರಿಗೆಂದು ಬಿಟ್ಟ ಆ ಹಸಿರು ಆಕಾಶದಲ್ಲಿ ಅವರದೇ ಅಕ್ಷರ ಕೂತಿತು. ಒಳಗಿನ ಮೊದಲ ಸಾಲು ಅವರ ಹೆಸರು. ನಾನು ಸಂಪಾದಕಿಯಾಗಿ ಮಾಡಿದ ಒಳ್ಳೆಯ ಕೆಲಸ ಅದೊಂದೇ. ಪ್ರತಿಗಳನ್ನು ಊರಿಗೆ ಕಳಿಸಿದೆ. ಮಂಗಳೂರಿನ ಅವರ ಮನೆಗೆ ಯಾರೇ ಬಂದರೂ ಕೂರಿಸಿ ಮೊದಲು ಅದನ್ನು ತೋರಿಸುತ್ತಿದ್ದರಂತೆ, ಪೋಸ್ಟ್‌ಮ್ಯಾನನಿಗೂ ಬಿಡುತ್ತಿರಲಿಲ್ಲವಂತೆ.

ಹೋಗಿ ಎರಡು ವರ್ಷಕ್ಕೆ ಅವರ ಮಗಳ ಮೆಸೇಜು ಬಂತು. ಅಪ್ಪ ಹೋದರು ಎಂದಷ್ಟೇ. ಜೊತೆಗೆ ಒಂದು ಫೋಟೊ ಕಳಿಸಿದ್ದಳು. ಅವರ ಮಂಚದ ತಲೆಯ ಕಡೆ, ಗೋಡೆಯಲ್ಲಿ, ಗಾಜು ಹಾಕಿದ ಮುಖಪುಟ...

ಇವತ್ತು ಆ ವಾಸನೆಯ ಜಾಡು ಹಿಡಿದು ಲಿಫ್ಟು ಬಿಟ್ಟು ಮೆಟ್ಟಿಲಿಳಿದೆ. ನಮ್ಮದೂ ಸೇರಿ ಮೇಲಿನ ನಂಬರುಗಳೆಲ್ಲ ಆಗಲೇ ಹೊಸ ಬಣ್ಣದಡಿ ಹೋಗಿದ್ದವು. ಕಾಕ ಇದ್ದ ಎರಡನೆಯ ನಂಬರಿನ ಮನೆಯವರಿಗೆ ಹೇಳಿ ಅದೊಂದು ನಂಬರನ್ನಾದರೂ ಉಳಿಸಿಕೊಳ್ಳಬೇಕೆಂದು ಓಡಿದೆ. ತಡವಾಗಿತ್ತು. ಬಾಗಿಲು ಅಪ್ಪಟ ಬಿಳಿ, ಇನ್ನೂ ಹಸಿ. ಬಣ್ಣ ಹೊಡೆಯುತ್ತಿದ್ದ ಭಾಯಿ, "ಮೇಡಂ, ಹಾಥ್ ಮತ್ ಲಗಾನಾ" ಎಂದ. ನಾನು ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಅತ್ತೆ, ಡಾಕ್ಟರ್ ಕೋಟು ಹಾಕಿಕೊಂಡೇ. ಈ ಬಿಲ್ಡಿಂಗಿನಲ್ಲಿ ಇನ್ನು ಅವರ ಕೈಯದು ಒಂದು ಗೆರೆಯೂ ಇಲ್ಲ.

ಕ್ಲಿನಿಕ್ಕಿಗೆ ಹೋದರೆ ಮೊದಲ ಪೇಷಂಟೇ ರುಮೈಥಿಯಾದ ಹಿರಿಯರು, ಹಲ್ಲಿನ ತಪಾಸಣೆಗೆ. ಅವರು ಆ ಚಿತ್ರಕ್ಕೆ ಹೊಸ ಚೌಕಟ್ಟು ಹಾಕಿಸಿದ್ದಾರೆ, ಈಗ ಕೆಳಗಿನ ಪಟ್ಟಿಯೂ ಕಾಣುತ್ತದೆ. ಬಂದ ಅತಿಥಿಗಳಿಗೆಲ್ಲ ಕಾಕನ ಹೆಸರು ಹೇಳಿ, ಬೆರಳಿಟ್ಟು ತೋರಿಸಿ, ಬಾಯಿಪಾಠ ಮಾಡಿಕೊಂಡ ಆ ಸಾಲನ್ನು ಕನ್ನಡದಲ್ಲೇ ಹೇಳುತ್ತಾರೆ. ನನ್ನ ಕುರ್ಚಿಯಲ್ಲಿ ಕುಳಿತಾಗಲೂ ಅಷ್ಟೇ, ನಾನು ಕನ್ನಡಿ ಕೈಗೆತ್ತಿಕೊಳ್ಳುವ ಮೊದಲು ಅದನ್ನು ಹೇಳಲೇಬೇಕು, ನಾನು ನಗಲೇಬೇಕು. ಇವತ್ತೂ ಹೇಳಿದರು, ನಾನು ಕೂರಿಸಿದ ಹಲ್ಲುಗಳ ನಡುವಿಂದ, ಒಂದೊಂದೇ ಅಕ್ಷರ ಬಿಡಿಸಿ: "ಮೂಗುದಾರ ಕಾಣಬೇಕು."

ನಗಲು ಹೋದೆ, ಆಗಲಿಲ್ಲ. ಕಾಣುತ್ತಿದೆ ಎಂದು ಕನ್ನಡದಲ್ಲೇ ಹೇಳಿ, ದೀಪವನ್ನು ಅವರ ಮುಖದ ಮೇಲೆ ಎಳೆದುಕೊಂಡೆ.